ಉಳಿದ ಮೂವತ್ತನಾಲ್ಕು

ಮಾಳಮಡ್ಡಿ, ಧಾರವಾಡ
೧೨ ಜೂನ್ ೨೦೨೫

ಚಿ. ರಾಜೇಶ್ವರಿಗೆ,

ಆಶೀರ್ವಾದಗಳು. ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ನೀನು "ರೊಟ್ಟಿ ಬಡಿಯಾಕತ್ತೇವ್ರಿ ಕಾಕಾ, ಆಮ್ಯಾಲೆ ಮಾಡ್ರಿ" ಎಂದು ಇಟ್ಟುಬಿಟ್ಟೆ. ಆ 'ಆಮ್ಯಾಲೆ' ಬರುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಪೆನ್ನು ಹಿಡಿದಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ.

ವಿಷಯ ಇದು. ನಿನ್ನ ತಂದೆ ಗುರುಪಾದ ತೀರಿಕೊಂಡು ಬರುವ ಡಿಸೆಂಬರಿಗೆ ಮೂವತ್ತೆರಡು ವರ್ಷ. ಅವನ ಒಂದೇ ಒಂದು ಸಂಕಲನ 'ಬೂದಿಯ ಬೀದಿ' ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದರ ಮೂವತ್ತನಾಲ್ಕು ಕವಿತೆಗಳನ್ನು ನನ್ನ ಮುನ್ನುಡಿಯೊಂದಿಗೆ ಮತ್ತೆ ಅಚ್ಚು ಹಾಕಲು ಇಲ್ಲಿಯ ಪ್ರಕಾಶಕರೊಬ್ಬರು ಒಪ್ಪಿದ್ದಾರೆ. ಹಕ್ಕು ನಿನ್ನದು ಮತ್ತು ನಿಮ್ಮ ಅವ್ವ ಈರವ್ವನದು. ಜೊತೆಗೆ ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಇಬ್ಬರೂ ಸಹಿ ಮಾಡಿ ಕಳಿಸಿದರೆ ಸಾಕು.

ಇಪ್ಪತ್ತೇಳಕ್ಕೆ ಹೋದ ಗುರುಪಾದ ಇನ್ನಿಪ್ಪತ್ತು ವರ್ಷ ಬದುಕಿದ್ದರೆ ಕನ್ನಡ ಕಾವ್ಯದ ದಾರಿಯೇ ಬೇರೆಯಾಗುತ್ತಿತ್ತು ಎಂದು ನಾನು ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಹೇಳಿದೆ, ನಿವೃತ್ತನಾದ ಮೇಲೆ ಭಾಷಣಗಳಲ್ಲೂ ಹೇಳುತ್ತಿದ್ದೇನೆ. ನನಗೂ ಅರವತ್ತೇಳು ಆಯಿತು. ಈ ಪುಸ್ತಕವೊಂದನ್ನು ಕೈಯಲ್ಲಿ ಹಿಡಿಯಬೇಕು ಎಂಬ ಆಸೆ ಬಿಟ್ಟರೆ ನನಗೆ ಬೇರೆ ಆಸೆ ಉಳಿದಿಲ್ಲ.

ನಿನ್ನ ಕಾಕಾ,
ವಿಜಯೀಂದ್ರ

*

ಬೆಂಗೇರಿ, ಹುಬ್ಬಳ್ಳಿ
೨೪ ಜೂನ್ ೨೦೨೫

ವಿಜಯೀಂದ್ರ ಕಾಕಾ ಅವರಿಗೆ ನಮಸ್ಕಾರ.

ಒಪ್ಪಿಗೆ ಪತ್ರವನ್ನು ಸಹಿ ಇಲ್ಲದೆ ಹಿಂದಕ್ಕೆ ಕಳಿಸಿದ್ದೇನೆ. ವಾಟ್ಸ್ಯಾಪಿನಲ್ಲಿ ತಿಳಿಸಿದ್ದರೆ ನೀವು ಕೈಮುಗಿದ ಗೊಂಬೆಯೊಂದನ್ನು ಕಳಿಸಿ, ಮರುದಿನ ಮತ್ತೆ ಫೋನ್ ಮಾಡುತ್ತಿದ್ದಿರಿ. ಅದಕ್ಕೇ ನಾನೂ ಕಾಗದದ ಮೇಲೆ ಬರೆಯುತ್ತಿದ್ದೇನೆ.

ಕಾರಣ ಕೇಳುತ್ತೀರಿ, ಹೇಳಿಬಿಡುತ್ತೇನೆ. ಅಪ್ಪನ ಪದ್ಯ ಚೆನ್ನಾಗಿಲ್ಲ.

ಓದದೇ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಬಿಕಾಂ ಎರಡನೇ ವರ್ಷದ ಕನ್ನಡ ಪುಸ್ತಕದಲ್ಲಿ ಅವರ ಪದ್ಯ ಇತ್ತು. ನಮ್ಮ ಸರ್ ನನ್ನನ್ನು ಎಬ್ಬಿಸಿ, "ಇಕಿ ಗುರುಪಾದ ಹತ್ತಿಕಾಳರ ಮಗಳು, ಎಲ್ಲಾರೂ ನೋಡ್ರಿ" ಎಂದರು. ಪಾಠ ಮುಗಿಯುವ ತನಕ ಪ್ರದರ್ಶನದ ಎಮ್ಮೆಯ ಹಾಗೆ ನಿಂತಿದ್ದೆ. "ಕವಿಯ ಹಸಿವಿನ ಕಲ್ಪನೆಯನ್ನು ವಿವರಿಸಿ" ಎಂಬ ಪ್ರಶ್ನೆಗೆ ನನಗೆ ಹತ್ತಕ್ಕೆ ನಾಲ್ಕು ಬಂತು.

"ಹಸಿವೇ, ನೀನು ಹಾದಿಬದಿಯ ಕಂಬ,
ನಿನಗೆ ಕಟ್ಟಿದ್ದಾರೆ ಈ ಊರಿನ ಹಗಲನ್ನು."

ಕೇಳಲು ಭಾರೀ ಇದೆ. ಆದರೆ ಹಸಿದವರು ಹೀಗೆ ಮಾತಾಡುವುದಿಲ್ಲ ಕಾಕಾ. ಮೂವತ್ತನಾಲ್ಕರಲ್ಲಿ ಹನ್ನೊಂದು ಪದ್ಯ ಹಸಿವಿನ ಮೇಲೆ. ರೊಟ್ಟಿ ಬಡಿದವಳ ಮೇಲೆ ಒಂದು ಸಾಲಿಲ್ಲ. ಅವರು ಅವನ್ನೆಲ್ಲ ಬರೆದ ವರ್ಷ ಅವ್ವ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ಮನೆಗೆ ಹೋಗಿ ರೊಟ್ಟಿ ಬಡಿದು ಬರುತ್ತಿದ್ದಳು. ಅಪ್ಪನಿಗೆ ಕಂಬ ಕಂಡಿತು, ಅವಳು ಕಾಣಲಿಲ್ಲ. ಇನ್ನು ನಾನಂತೂ ಎಲ್ಲಿಯೂ ಇಲ್ಲ. ನಾಲ್ಕು ತಿಂಗಳು ನನ್ನನ್ನು ಎತ್ತಿ ಆಡಿಸಿದ್ದಾರಂತೆ. ಮಗಳ ಮೇಲೆ ಒಂದೇ ಒಂದು ಸಾಲು ಬರೆಯಲು ಆಗಲಿಲ್ಲವೇ? ಮನೆಯೊಳಗಿನದು ಕಾಣದವನಿಗೆ ಲೋಕ ಕಂಡಿತು ಎಂದರೆ ನಾನು ನಂಬುವವಳಲ್ಲ.

ನಾನೀಗ ಅವರಿಗಿಂತ ನಾಲ್ಕು ವರ್ಷ ದೊಡ್ಡವಳು. ಓದುವಾಗ ತಮ್ಮನ ಪದ್ಯ ಓದಿದ ಹಾಗಾಗುತ್ತದೆ. ಹುಡುಗ ದೊಡ್ಡ ದೊಡ್ಡ ಶಬ್ದ ಕಲಿತಿದ್ದಾನೆ, ಅಷ್ಟೇ. ಬೇಗ ಸತ್ತರು, ಅದಕ್ಕೆ ದೊಡ್ಡ ಕವಿಯಾದರು. ಅದನ್ನು ಮತ್ತೆ ಅಚ್ಚು ಹಾಕಿ ಇನ್ನೊಂದಿಷ್ಟು ಮಕ್ಕಳನ್ನು ಕ್ಲಾಸಿನಲ್ಲಿ ನಿಲ್ಲಿಸುವುದು ಬೇಡ.

ಇಂತಿ,
ರಾಜೇಶ್ವರಿ

*

ಮಾಳಮಡ್ಡಿ
೨ ಜುಲೈ ೨೦೨೫

ರಾಜೇಶ್ವರಿ,

ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಮುನ್ನುಡಿಯ ಒಂದು ಸಾಲೂ ಮುಂದೆ ಹೋಗಲಿಲ್ಲ. "ಹಿಂಗ್ಯಾಕ ಗೋಡಿ ನೋಡಕೋತ ಕೂತೀರಿ, ಏನಾಗ್ಯದ?" ಎಂದು ನನ್ನ ಹೆಂಡತಿ ಲಕ್ಷ್ಮೀಬಾಯಿ ಕೇಳಿ ಕೇಳಿ ಸಾಕಾದಳು.

ಕವಿತೆ ಎಂದರೆ ರೇಷನ್ ಕಾರ್ಡ್ ಅಲ್ಲಮ್ಮ, ಮನೆಯವರೆಲ್ಲರ ಹೆಸರು ಅದರಲ್ಲಿ ಇರಲೇಬೇಕು ಎನ್ನಲು. ಹೆಂಡತಿಯನ್ನು ಹಾಡಿ ಹೊಗಳಿದ ಕೆಟ್ಟ ಕವಿಗಳು ಈ ಊರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಸತ್ತದ್ದಕ್ಕೆ ದೊಡ್ಡವನಾದ ಎನ್ನುತ್ತೀ. ಎಷ್ಟೋ ಜನ ಎಳೆಯ ವಯಸ್ಸಿನಲ್ಲಿ ಸಾಯುತ್ತಾರೆ, ಎಲ್ಲರ ಸಾಲುಗಳೂ ಮೂವತ್ತು ವರ್ಷ ಜನರ ಬಾಯಲ್ಲಿ ಉಳಿಯುವುದಿಲ್ಲ. ಕೆಲಗೇರಿ ಕೆರೆಯ ಮೇಲೆ ಬರೆದ ಕವಿತೆ ತೆಗೆದು ನೋಡು:

"ಬೆಳಗಿನ ಕೆರೆ
ಇನ್ನೂ ಯಾರ ಮುಖವನ್ನೂ ತೊಳೆದಿಲ್ಲ."

ಇಷ್ಟು ಸರಳವಾಗಿ, ಇಷ್ಟು ತಣ್ಣಗೆ ಬರೆಯಲು ಆಗ ಅವನ ವಯಸ್ಸಿನವರಲ್ಲಿ ಯಾರಿಗೆ ಬರುತ್ತಿತ್ತು? ನನಗೆ ಬರುತ್ತಿರಲಿಲ್ಲ. ನಾನೂ ಆಗ ಕವಿತೆ ಬರೆಯುತ್ತಿದ್ದವನೇ.

ನಿನ್ನ ಸಿಟ್ಟು ತಂದೆಯ ಮೇಲಿನದು, ಕವಿಯ ಮೇಲಿನದಲ್ಲ. ಅವನು ಹೋದಾಗ ನೀನು ತೊಟ್ಟಿಲಲ್ಲಿದ್ದೆ. ಅವನು ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಒಪ್ಪಿಗೆ ಪತ್ರ ಮತ್ತೆ ಇಟ್ಟಿದ್ದೇನೆ.

ವಿಜಯೀಂದ್ರ

*

ಬೆಂಗೇರಿ
೨೦ ಜುಲೈ ೨೦೨೫

ಕಾಕಾ ಅವರಿಗೆ,

ಕೆರೆಯ ಸಾಲು ಚೆನ್ನಾಗಿದೆ, ಒಪ್ಪಿದೆ. ಖರೇನೇ ಚೆನ್ನಾಗಿದೆ. ಆ ಒಂದು ಸಾಲಿಗಾಗಿ ಉಳಿದ ಮೂವತ್ತಮೂರನ್ನು ಹೊರಬೇಕೇ?

ಅವರು ಬದುಕಿದ್ದರೆ ಕಾವ್ಯದ ದಾರಿಯೇ ಬೇರೆಯಾಗುತ್ತಿತ್ತು ಎನ್ನುತ್ತೀರಿ. ಯಾರು ನೋಡಿದ್ದಾರೆ? ಬದುಕಿದ್ದರೆ ನಿಮ್ಮ ಹಾಗೆ ಪ್ರೊಫೆಸರ್ ಆಗಿ, ವಾರಕ್ಕೆರಡು ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು, ಪದ್ಯ ಬರೆಯುವುದನ್ನೇ ಬಿಟ್ಟಿರುತ್ತಿದ್ದರು. ಇಪ್ಪತ್ತೇಳಕ್ಕೆ ಸತ್ತವರ ಮೇಲೆ ನೀವು ಅರವತ್ತೇಳರ ತನಕ ಭಾಷಣ ಮಾಡಿದಿರಿ. ಬೇಸರವಾದರೆ ಆಗಲಿ, ಬರೆದದ್ದನ್ನು ಅಳಿಸುವುದಿಲ್ಲ.

"ಅವನು ನನಗೆ ಗೊತ್ತು, ನಿನಗೆ ಗೊತ್ತಿಲ್ಲ" ಎಂದಿರಿ. ಈ ಮಾತು ನನಗೆ ನಾಟಿದೆ. ಖರೇ, ನನಗೆ ಗೊತ್ತಿಲ್ಲ. ಅವ್ವನ ಮುಂದೆ ಅವರ ಮಾತು ತೆಗೆದರೆ "ಹಿಟ್ಟು ಹದಕ್ಕ ಬಂತೇನು ನೋಡು" ಎಂದು ಎದ್ದು ಹೋಗುತ್ತಾಳೆ. ಹಾಗಾಗಿ ನಿಮ್ಮನ್ನೇ ಕೇಳುತ್ತೇನೆ. ಒಂದೇ ಪ್ರಶ್ನೆ. ಅಪ್ಪ ನನ್ನ ಮೇಲೆ ಏನಾದರೂ ಬರೆದಿದ್ದರೇ? ಪುಸ್ತಕದಲ್ಲಿ ಸೇರದ್ದು, ಅರ್ಧಕ್ಕೆ ಬಿಟ್ಟದ್ದು, ಚೀಟಿಯ ಹಿಂದೆ ಗೀಚಿದ್ದು, ಯಾವುದಾದರೂ ಸರಿ. ಹೂಂ ಅಥವಾ ಊಹೂಂ. ಊಹೂಂ ಎಂದರೂ ನಾನು ಸಹಿ ಮಾಡುತ್ತೇನೆ. ಮೂವತ್ತೆರಡು ವರ್ಷದಿಂದ ಇದೊಂದು ತಿಳಿಯದೇ ಕೂತಿದ್ದೇನೆ.

ರಾಜೇಶ್ವರಿ

*

ಮಾಳಮಡ್ಡಿ
೧೪ ಆಗಸ್ಟ್ ೨೦೨೫

ಚಿ. ರಾಜೇಶ್ವರಿಗೆ,

ಉತ್ತರ ತಡವಾಯಿತು. ಮುನ್ನುಡಿ ನಲವತ್ತು ಪುಟ ದಾಟಿದೆ. ರಕ್ಷಾಪುಟಕ್ಕೆ ಕೆಲಗೇರಿ ಕೆರೆಯ ಚಿತ್ರ ಹಾಕೋಣ ಎಂದು ಪ್ರಕಾಶಕರು ಹೇಳಿದರು. ನಿನಗೆ ಹೇಗನ್ನಿಸುತ್ತದೆ, ತಿಳಿಸು. ಬಿಡುಗಡೆಗೆ ಸಭಾಂಗಣವನ್ನೂ ಹಿಡಿದಾಗಿದೆ.

ನಿನ್ನ ಪ್ರಶ್ನೆಯ ಬಗ್ಗೆ: ಗುರುಪಾದನ ಕೈಬರಹದಲ್ಲಿ ನನ್ನ ಹತ್ತಿರ ಇರುವುದು ಈ ಮೂವತ್ತನಾಲ್ಕೇ. ಇದರ ಹೊರತು ಒಂದು ಹಾಳೆಯೂ ಇಲ್ಲ. ಈಗ ನಿನ್ನ ಮಾತಿನಂತೆ ಸಹಿ ಮಾಡಿ ಕಳಿಸಬೇಕು.

ಆಶೀರ್ವಾದಗಳೊಂದಿಗೆ,
ವಿಜಯೀಂದ್ರ

*

ಮಾಳಮಡ್ಡಿ
೯ ಸೆಪ್ಟೆಂಬರ್ ೨೦೨೫

ರಾಜೇಶ್ವರಿ,

ಇಪ್ಪತ್ತಾರು ದಿನವಾಯಿತು. ನಿನ್ನಿಂದ ಕಾಗದವೂ ಇಲ್ಲ, ಫೋನೂ ಇಲ್ಲ. ನಿನ್ನೆ ನಿಮ್ಮ ರೊಟ್ಟಿ ಅಂಗಡಿಗೆ ಫೋನ್ ಮಾಡಿದರೆ ಈರವ್ವ ಎತ್ತಿಕೊಂಡಳು. ನನ್ನ ದನಿ ಕೇಳಿದ್ದೇ ಇಟ್ಟುಬಿಟ್ಟಳು. ಏನಾಗಿದೆ ಎಂದು ಒಂದು ಸಾಲು ಬರೆ.

ವಿಜಯೀಂದ್ರ

*

ಬೆಂಗೇರಿ
೨೮ ಸೆಪ್ಟೆಂಬರ್ ೨೦೨೫

ಕಾಕಾ,

ನಿಮ್ಮ ಹತ್ತಿರ ಏನಿದೆ ಎಂದು ನಾನು ಕೇಳಿರಲಿಲ್ಲ. ಅಪ್ಪ ಬರೆದಿದ್ದರೋ ಇಲ್ಲವೋ ಎಂದು ಕೇಳಿದ್ದೆ. ಇಷ್ಟು ವರ್ಷ ಪರೀಕ್ಷೆಯ ಪೇಪರ್ ತಿದ್ದಿದವರಿಗೆ ಕೇಳಿದ ಪ್ರಶ್ನೆ ಯಾವುದು, ಬರೆದ ಉತ್ತರ ಯಾವುದು ಎಂಬುದು ಗೊತ್ತಿರಬೇಕು.

ನಿಮ್ಮ ಭಾಷಣಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ಕೇಳಿದೆ. ಎಲ್ಲದರಲ್ಲೂ "ನಾವು ಮೂವರು ಗೆಳೆಯರು" ಎಂದು ಬರುತ್ತದೆ. ಒಬ್ಬರು ನೀವು, ಒಬ್ಬರು ಅಪ್ಪ. ಮೂರನೆಯವರ ಹೆಸರು ಒಂದರಲ್ಲೂ ಬರುವುದಿಲ್ಲ. ಯಾಕಿರಬಹುದು ಎಂದು ಅಪ್ಪನ ಹಳೆಯ ಪರಿಚಯದವರನ್ನು ಕೇಳಿ ಅವರನ್ನು ಹುಡುಕಿಕೊಂಡು ಹೋದೆ. ಮುಜಾಫರ ಚಾಚಾ ಇಲ್ಲೇ ಹುಬ್ಬಳ್ಳಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ ಇಟ್ಟಿದ್ದಾರೆ. ನಾನು ಯಾರೆಂದು ಹೇಳಿದ ಕೂಡಲೇ ಅವರ ಹೆಂಡತಿ ಮೈಮುನಾ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಾಚಾ ಮಾತ್ರ ಅಂಟು ಹಚ್ಚುತ್ತಲೇ ಕೂತಿದ್ದರು. ಮೂವತ್ತನಾಲ್ಕು ಪದ್ಯ ಮತ್ತೆ ಅಚ್ಚಾಗುವ ಸಂಗತಿ ಹೇಳಿದೆ. ಆಗ ತಲೆ ಎತ್ತಿದರು.

"ಮೂವತ್ತನಾಲ್ಕ? ಬರೆದದ್ದು ನೂರರ ಮ್ಯಾಲೆ ಇದ್ವು ಬೇಟಿ. ಉಳಿದದ್ದೆಲ್ಲಾ ವಿಜಯೀಂದ್ರನ ಬಚ್ಚಲದ ಒಲಿಗೆ ಹೋತು. ಶನಿವಾರದ ಕಥಿ ಅವನ್ನ ಕೇಳು. ನಾ ಹೇಳಿದ್ರ ಚಾಡಿ ಆಗ್ತೈತಿ."

ಅಷ್ಟು ಹೇಳಿ ಮತ್ತೆ ಅಂಟಿನ ಕುಂಚ ಎತ್ತಿಕೊಂಡರು. ನಾನು ಹೊರಡುವಾಗ ಅಳುತ್ತಿದ್ದರು.

ಶನಿವಾರ ಏನಾಗುತ್ತಿತ್ತು ಕಾಕಾ?

ರಾಜೇಶ್ವರಿ

*

ಮಾಳಮಡ್ಡಿ
೧೯ ಅಕ್ಟೋಬರ್ ೨೦೨೫

ರಾಜೇಶ್ವರಿ,

ಈ ಕಾಗದವನ್ನು ನಾಲ್ಕು ಸಲ ಬರೆದು ಅರ್ಧಕ್ಕೆ ಬಿಟ್ಟಿದ್ದೇನೆ. ಇದು ಐದನೆಯದು. ಇದನ್ನು ತಿದ್ದುವುದಿಲ್ಲ.

ಶನಿವಾರ ಸಂಜೆ ಐದಕ್ಕೆ ನಮ್ಮ ಮನೆಯ ಮಾಳಿಗೆಯಲ್ಲಿ ನಾವು ಮೂವರು ಕೂಡುತ್ತಿದ್ದೆವು. ಗುರುಪಾದ ಕೆಲಗೇರಿಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ, ಮುಜಾಫರ ಹುಬ್ಬಳ್ಳಿಯಿಂದ ಬಸ್ಸಿಗೆ. ಒಂದು ನಿಯಮವಿತ್ತು. ನಿಯಮ ಮಾಡಿದವನು ನಾನು. ಬರೆದ ಪದ್ಯದ ಒಂದೇ ಪ್ರತಿ ತರಬೇಕು, ಮನೆಯಲ್ಲಿ ನಕಲು ಇಟ್ಟುಕೊಳ್ಳಬಾರದು. ಒಬ್ಬ ಓದಿದ ಮೇಲೆ ಚಹಾ ಮುಗಿಯುವುದರೊಳಗೆ ಉಳಿದ ಇಬ್ಬರೂ "ಹೂಂ" ಎನ್ನಬೇಕು. ಒಬ್ಬ ಸುಮ್ಮನಿದ್ದರೂ ಪದ್ಯ ಬಿತ್ತು. ಬಿದ್ದ ಪದ್ಯವನ್ನು ಬರೆದವನೇ ನಾಲ್ಕು ತುಂಡು ಹರಿದು, ಕೆಳಗಿಳಿದು, ಬಚ್ಚಲ ಒಲೆಗೆ ಹಾಕಿ ಬರಬೇಕು. ಯಾಕೆ ಎಂದು ಕೇಳಬಾರದು. ಊರಿನಲ್ಲಿ ವಾರಕ್ಕೊಂದು ಸಂಕಲನ ಬಿಡುಗಡೆಯಾಗುತ್ತಿದ್ದ ಕಾಲ ಅದು. ನಮ್ಮಷ್ಟು ಕಟ್ಟುನಿಟ್ಟಿನವರು ಧಾರವಾಡದಲ್ಲೇ ಇಲ್ಲ ಎಂಬ ಸೊಕ್ಕು ನಮಗೆ. "ನಿಮ್ಮ ಪದ್ಯಕ್ಕ ನೀರು ಛಲೋ ಕಾಯ್ತಾವ ನೋಡ್ರೋ" ಎಂದು ನಮ್ಮ ತಾಯಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಮನೆ, ಹೆಂಡತಿ, ಮಗು ಎಂದು ಯಾರಾದರೂ ಬರೆದು ತಂದರೆ ನಾನು ಅದಕ್ಕೆ "ತೊಟ್ಟಿಲ ಪದ್ಯ" ಎನ್ನುತ್ತಿದ್ದೆ. ಮದುವೆಯಾದ ಮೇಲೆ ನಿನ್ನ ತಂದೆ ಈರವ್ವನ ಮೇಲೆ ಆರೋ ಏಳೋ ಬರೆದ. ಒಂದರಲ್ಲಿ ಅವಳು ರೊಟ್ಟಿ ಬಡಿಯುವ ಸಪ್ಪಳವಿತ್ತು. ಎಲ್ಲವೂ ನಾನು ಸುಮ್ಮನಿದ್ದದ್ದಕ್ಕೇ ಬಿದ್ದವು. ಬರಬರುತ್ತ ಅವನು ಹಸಿವು, ಬೂದಿ, ಕಂಬ ಎಂದು ಬರೆಯತೊಡಗಿದ. ಅವು ಪಾಸಾದವು. ನೀನು ಹೇಳಿದ ಟೊಳ್ಳು ಆ ಪುಸ್ತಕದಲ್ಲಿ ಇದೆ. ನನಗೆ ಮೊದಲಿನಿಂದಲೂ ಗೊತ್ತು. ಅದನ್ನು ಕೊರೆದವನು ನಾನು. ಇಷ್ಟು ವರ್ಷ ಅವನನ್ನು ಹೊಗಳುತ್ತ ಬಂದೆ. ನೋಡಿದರೆ, ಹೊಗಳಿದ್ದು ನಾನು ಪಾಸು ಮಾಡಿದ್ದನ್ನು.

೧೯೯೩ರ ನವೆಂಬರ್ ಕೊನೆಯ ಶನಿವಾರ. ಅವನ ಕಣ್ಣುಗಳು ಆಗಲೇ ಹಳದಿಯಾಗಿದ್ದವು, ನಾವು ಗಮನಿಸಲಿಲ್ಲ. ಕಿಸೆಯಿಂದ ಕಾಗದ ತೆಗೆದು, "ಕೂಸಿನ ಮ್ಯಾಲೆ ಬರೆದೇನಿ, ಬೈಬ್ಯಾಡ್ರೆಪಾ" ಎಂದು ಓದಿದ. ಓದು ಮುಗಿಯುವ ಮೊದಲೇ ಮುಜಾಫರ "ಹೂಂ" ಎಂದ. ಅದು ಚೆನ್ನಾಗಿತ್ತು ರಾಜೇಶ್ವರಿ. ಅವನು ಅಲ್ಲಿಯತನಕ ಬರೆದದ್ದೆಲ್ಲಕ್ಕಿಂತ ಚೆನ್ನಾಗಿತ್ತು. ಇಂಥದ್ದು ನನಗೆ ಈ ಜನ್ಮದಲ್ಲಿ ಬರೆಯಲು ಆಗುವುದಿಲ್ಲ ಎಂದು ಕೇಳುತ್ತಿದ್ದ ಹಾಗೆಯೇ ತಿಳಿಯಿತು. ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಇಡಬೇಕೆಂದು ಬಹಳ ವರ್ಷ ಒದ್ದಾಡಿದ್ದೇನೆ, ಆದರೆ ಅದು ಬರೀ ಹೊಟ್ಟೆಕಿಚ್ಚು. ಚಹಾದ ಕಪ್ಪು ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ ಕೂತೆ. ಚಹಾ ಮುಗಿಯಿತು.

ಅವನು ನನ್ನ ಮುಖ ನೋಡಿದ. ಆಮೇಲೆ ಹರಿದ. "ಹರೀಬ್ಯಾಡಲೇ, ಹುಚ್ಚ ಅದೀಯೇನು" ಎಂದು ಮುಜಾಫರ ಎದ್ದು ಅವನ ಕೈ ಹಿಡಿದ. "ನಿಯಮ ಅಂದ್ರ ನಿಯಮಪಾ" ಎಂದು ಕೈ ಬಿಡಿಸಿಕೊಂಡು, ನಗುತ್ತಲೇ ಕೆಳಗಿಳಿದು ಹೋದ. ಒಂಬತ್ತನೆಯ ದಿನ ಕಾಮಾಲೆಯಿಂದ ತೀರಿಕೊಂಡ. ಮುಜಾಫರ ಮತ್ತೆಂದೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನಾನೂ ಮತ್ತೆ ಕವಿತೆ ಬರೆಯಲಿಲ್ಲ.

ಹೂಂ. ನಿನ್ನ ಮೇಲೆ ಬರೆದಿದ್ದ. ಅದನ್ನು ಸುಡಿಸಿದವನು ನಾನು.

ಸಾಲು ಹೇಳಿ ಎಂದು ಕೇಳುತ್ತೀ, ನನಗೆ ಗೊತ್ತು. ಮೂವತ್ತನಾಲ್ಕೂ ಪದ್ಯ ನನಗೆ ಬಾಯಿಪಾಠ. ಆ ಪದ್ಯದ್ದು ಒಂದು ಶಬ್ದವೂ ಇಲ್ಲ. ಎಷ್ಟೋ ಸಲ ಕಣ್ಣುಮುಚ್ಚಿ ಕೂತು ನೆನೆದಿದ್ದೇನೆ. ಬರುವ ಸಾಲೆಲ್ಲ ನನ್ನವು. ಅಷ್ಟು ಕೆಟ್ಟದಾಗಿ ಅವನು ಬರೆಯುತ್ತಿರಲಿಲ್ಲ. ಒಂದನ್ನು ಕಟ್ಟಿ ಕಳಿಸಿದ್ದರೆ ನೀನು ನಂಬುತ್ತಿದ್ದೆ. ಕಳಿಸಬೇಕೆಂದು ಆಗಸ್ಟಿನ ಆ ಉತ್ತರ ಬರೆಯುವ ತನಕ ಪ್ರಯತ್ನ ಮಾಡಿದೆ, ಕಳಿಸಲಿಲ್ಲ.

ಮುನ್ನುಡಿಯನ್ನು ಪ್ರಕಾಶಕರಿಂದ ಹಿಂದಕ್ಕೆ ತರಿಸಿಕೊಂಡಿದ್ದೇನೆ. ಇನ್ನು ನೀನು ಹೇಳಿದ ಹಾಗೆ.

ವಿಜಯೀಂದ್ರ

*

ಬೆಂಗೇರಿ
೩೦ ನವೆಂಬರ್ ೨೦೨೫

ಕಾಕಾ,

ಒಂದು ತಿಂಗಳು ನಿಮ್ಮ ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ಮೊದಲ ಕೆಲವು ದಿನ ನಿಮ್ಮನ್ನು ಬೈಯಲು ಶಬ್ದ ಹುಡುಕಿದೆ, ಬೇಕಾದಷ್ಟು ಸಿಕ್ಕವು. ಆಮೇಲೆ ಇನ್ನೊಮ್ಮೆ ಓದಿದೆ. "ಸುಡಿಸಿದವನು ನಾನು, ಕೊರೆದವನು ನಾನು" ಎಂದು ಬರೆದಿದ್ದೀರಿ.

ನೀವು ಸುಮ್ಮನೆ ಕೂತಿರಿ. ಅದು ಸಣ್ಣತನ, ಅದನ್ನು ನಾನು ಕ್ಷಮಿಸುವುದಿಲ್ಲ, ಕೇಳಲೂ ಬೇಡಿ. ಆದರೆ ಹರಿದವರು ಅಪ್ಪ. ಕಾಗದ ಕಿಸೆಯಲ್ಲಿ ಇಟ್ಟುಕೊಂಡು, ಸೈಕಲ್ ಹತ್ತಿ, ಮನೆಗೆ ಬರಬಹುದಿತ್ತು. ಯಾರು ತಡೆದಿದ್ದರು? ಮುಜಾಫರ ಚಾಚಾ ಕೈ ಹಿಡಿದದ್ದು ಹರಿಯಬೇಡ ಎನ್ನಲು. ನನಗಿಂತ ನಿಮ್ಮ ಒಂದು "ಹೂಂ" ಅವರಿಗೆ ದೊಡ್ಡದಾಯಿತು. ಆ ತಪ್ಪನ್ನೂ ನೀವೇ ಇಟ್ಟುಕೊಳ್ಳಬೇಡಿ. ಅವರದು ಅಂತ ನನ್ನ ಪಾಲಿಗೆ ಉಳಿದಿರುವುದು ಅದೊಂದೇ.

ಸಹಿ ಮಾಡಿದ್ದೇನೆ, ಅವ್ವನೂ ಮಾಡಿದ್ದಾಳೆ. ಡಿಸೆಂಬರಿಗೆ ಆಗುವುದಿಲ್ಲ ಎಂದರೆ ತಡವಾಗಲಿ. ನಲವತ್ತು ಪುಟದ ಮುನ್ನುಡಿ ಬೇಡ. ಬದುಕಿದ್ದರೆ ಹಾಗಾಗುತ್ತಿತ್ತು, ಹೀಗಾಗುತ್ತಿತ್ತು ಎಂಬುದೂ ಬೇಡ. ಶನಿವಾರದ ಸಂಗತಿಯನ್ನು ನನಗೆ ಬರೆದ ಹಾಗೆಯೇ ಬರೆದು, ಮುಜಾಫರ ಚಾಚಾ ಅವರ ಹೆಸರು ಹಾಕಿ, ಕೆಳಗೆ ನಿಮ್ಮ ಹೆಸರು ಹಾಕಿ. ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಪ್ಪ ದೊಡ್ಡ ಕವಿಯೋ ಸಣ್ಣ ಕವಿಯೋ ಅವರವರೇ ಓದಿ ತೀರ್ಮಾನ ಮಾಡಲಿ. ಓದುತ್ತಿರುವುದು ಬರೆದದ್ದನ್ನಲ್ಲ, ಉಳಿದದ್ದನ್ನು ಎಂಬುದು ಮಾತ್ರ ಅವರಿಗೆ ಗೊತ್ತಿರಲಿ.

ಹೋದ ರವಿವಾರ ಅವ್ವನಿಗೆ ನಿಮ್ಮ ಕಾಗದ ಪೂರ್ತಿ ಓದಿ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೂ ಎರಡು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಆಮೇಲೆ ಹೇಳಿದಳು:

"ಶುಕ್ರವಾರ ನನಗ ಓದಿ ತೋರ್ಸಿದ್ದ. ಛಲೋ ಐತಿ ಅಂದೆ. 'ನಿನಗೇನ ತಿಳೀತೈತಿ, ನಾಳೆ ಅವರು ಹೇಳ್ಲಿ' ಅಂದ. ನನಗ ತಿಳಿಯೂದಿಲ್ಲಂದ ಮ್ಯಾಲೆ ನಾ ಯಾಕ ನೆನಪ ಇಟ್ಕೊಳ್ಳಿ?"

"ಒಂದ್ ಸಾಲೂ ನೆನಪಿಲ್ಲೇನವ್ವಾ?" ಎಂದೆ.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನಿನ್ನ ಕಿವಿ ಇತ್ತು ಅದರಾಗ. ಎಡಗಿವಿ. ಅದಕ್ಕ ಏನಂದಿದ್ದ ಅನ್ನೂದು ಹೋತು" ಎಂದಳು. ಹಾಗೆಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ನಾನು ಅಂಗಡಿಯ ಕನ್ನಡಿಯ ಮುಂದೆ ಹೋಗಿ ನನ್ನ ಎಡಗಿವಿ ನೋಡಿಕೊಂಡೆ. ಎಲ್ಲರ ಕಿವಿಯ ಹಾಗೆಯೇ ಇದೆ. ಅವರಿಗೆ ಅದರಲ್ಲಿ ಏನು ಕಂಡಿತ್ತೋ ನನಗೆ ತಿಳಿಯಲಿಲ್ಲ. ಇಷ್ಟಾದರೂ ಸಿಕ್ಕಿತಲ್ಲ ಎಂದು ನಿಮಗೆ ಸಮಾಧಾನ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ ಕಾಕಾ. ನನಗೆ ಪೂರ್ತಿ ಪದ್ಯ ಬೇಕಿತ್ತು.

ರಾಜೇಶ್ವರಿ ಗುರುಪಾದ ಹತ್ತಿಕಾಳ